ವೆಬ್‌ಸೈಟ್ ಇದೆ, ಜನ ಯಾಕೆ ಬರುತ್ತಿಲ್ಲ?

ಬ್ಲಾಗ್ ಬರೆಯುವವರು, ಸಣ್ಣ ವೆಬ್‌ಸೈಟ್ ನಡೆಸುವವರು ನಿಮ್ಮ ತೊಂದರೆ ಏನಿದೆ ಬರೆದು ಕಳಿಸಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ಅವುಗಳಲ್ಲಿ ಏಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಉದ್ದದ ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ ನಮಸ್ಕಾರ. ನಮ್ಮದು ಬ್ಯಾಡಗಿ. ಅಪ್ಪ ಮೂವತ್ತು ವರ್ಷದಿಂದ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾರೆ. ಒಂದು ಕೆಜಿ, ಐದು ಕೆಜಿ ಪ್ಯಾಕೆಟ್ ಮಾಡಿ ಕೊರಿಯರ್‌ನಲ್ಲಿ ಕಳಿಸೋಣ ಅಂತ ಎಂಟು ತಿಂಗಳ ಹಿಂದೆ ವೆಬ್‌ಸೈಟ್ ಮಾಡಿಸಿದೆ. ಗೂಗಲ್‌ನಲ್ಲಿ ಅಂಗಡಿ ಹೆಸರು ಹೊಡೆದರೆ ಬರುತ್ತದೆ. ‘ಬ್ಯಾಡಗಿ ಮೆಣಸಿನಕಾಯಿ’ ಅಂತ ಹೊಡೆದರೆ ಎಷ್ಟು ಕೆಳಗೆ ಹೋದರೂ ನಾವಿಲ್ಲ. ಹದಿನೈದು ಸಾವಿರ ಕೊಟ್ಟರೆ ಮೂರು ತಿಂಗಳಲ್ಲಿ ಮೊದಲನೇ ಸ್ಥಾನಕ್ಕೆ ತರುತ್ತೇನೆ ಅಂತ ಒಬ್ಬರು ಗಂಟುಬಿದ್ದಿದ್ದಾರೆ. ಕೊಡಲಾ?

ಕೊಡಬೇಡಿ ತಮ್ಮಾ. ಮೊದಲನೇ ಸ್ಥಾನ ಗ್ಯಾರಂಟಿ ಅಂತ ಯಾರೂ ಹೇಳಲು ಬರುವುದಿಲ್ಲ ಎಂದು ಗೂಗಲ್ ತಾನೇ ತನ್ನ ಮಾರ್ಗದರ್ಶಿಯಲ್ಲಿ ಬರೆದುಕೊಂಡಿದೆ. ಹೀಗೆ ಗ್ಯಾರಂಟಿ ಕೊಡುವವರಲ್ಲಿ ಎಷ್ಟೋ ಜನ ದುಡ್ಡು ಕೊಟ್ಟು ಅಲ್ಲಿ ಇಲ್ಲಿ ಇರುವ ಸೈಟ್‌ಗಳಿಂದ ನಿಮ್ಮ ಸೈಟ್‌ಗೆ ಲಿಂಕ್ ಹಾಕಿಸುತ್ತಾರೆ. ಅದು ಗೂಗಲ್ ನಿಯಮಕ್ಕೆ ವಿರುದ್ಧ. ಅದರಿಂದ ಪೆಟ್ಟು ಬಿದ್ದರೆ ಬೀಳುವುದು ನಿಮ್ಮ ಸೈಟ್ ಮೇಲೆ, ಅವರ ಮೇಲೆ ಅಲ್ಲ.

ಈಗ ನಿಜವಾದ ವಿಷಯಕ್ಕೆ ಬರೋಣ. ‘ಬ್ಯಾಡಗಿ ಮೆಣಸಿನಕಾಯಿ’ ಅನ್ನುವ ಎರಡು ಪದದ ಹಿಂದೆ ಯಾಕೆ ಬಿದ್ದಿದ್ದೀರಿ? ಆ ಪದಕ್ಕೆ ಪತ್ರಿಕೆಗಳ ಸುದ್ದಿ ಇದೆ, ವಿಕಿಪೀಡಿಯ ಇದೆ, ದೊಡ್ಡ ದೊಡ್ಡ ಮಾರಾಟದ ಸೈಟ್‌ಗಳಿವೆ. ಅದೂ ಅಲ್ಲದೆ ಹಾಗೆ ಹುಡುಕುವವರಲ್ಲಿ ಎಷ್ಟೋ ಜನಕ್ಕೆ ಬೇಕಾಗಿರುವುದು ಮಾರ್ಕೆಟ್ಟಿನ ಇವತ್ತಿನ ರೇಟು. ಅವರು ರೈತರು, ವ್ಯಾಪಾರಸ್ಥರು. ನಿಮ್ಮ ಹತ್ತಿರ ಒಂದು ಕೆಜಿ ಪ್ಯಾಕೆಟ್ ತೆಗೆದುಕೊಳ್ಳುವವರು ಅವರಲ್ಲ. ನಿಮ್ಮ ಗಿರಾಕಿ ಮಂಗಳೂರಲ್ಲೋ ಬೆಂಗಳೂರಲ್ಲೋ ಮುಂಬೈಯಲ್ಲೋ ಇರುವ ಒಬ್ಬ ಗೃಹಿಣಿ. ವರ್ಷಕ್ಕೆ ಬೇಕಾಗುವ ಖಾರದಪುಡಿಯನ್ನು ಅವರು ಒಂದೇ ಸಲ ಮಾಡಿಟ್ಟುಕೊಳ್ಳಬೇಕು. ಅವರು ಏನು ಕೇಳುತ್ತಾರೆ? ಬ್ಯಾಡಗಿಯಲ್ಲಿ ಡಬ್ಬಿ ತಳಿ ತಗೋಬೇಕಾ, ಕಡ್ಡಿ ತಳಿ ತಗೋಬೇಕಾ? ಬಣ್ಣ ಬರಬೇಕು, ಖಾರ ಕಡಿಮೆ ಇರಬೇಕು, ಯಾವುದು ಸರಿ? ಗುಂಟೂರು ಮೆಣಸಿನಕಾಯಿ ಜೊತೆ ಎಷ್ಟಕ್ಕೆಷ್ಟು ಬೆರೆಸಬೇಕು? ಹುಳ ಬೀಳದಂತೆ ಮಳೆಗಾಲ ದಾಟಿಸುವುದು ಹೇಗೆ? ಕೋಲ್ಡ್ ಸ್ಟೋರೇಜ್ ಮಾಲು ಮತ್ತು ಹೊಸ ಮಾಲು ನೋಡಿದರೆ ಗೊತ್ತಾಗುತ್ತಾ?

ಇದಕ್ಕೆಲ್ಲ ನಿಮ್ಮ ಅಪ್ಪ ದಿನಾ ಅಂಗಡಿಯಲ್ಲಿ ಕೂತು ಉತ್ತರ ಕೊಡುತ್ತಿದ್ದಾರೆ, ಅಲ್ವಾ? ಒಂದು ವಾರ ಅವರ ಪಕ್ಕದಲ್ಲಿ ಒಂದು ನೋಟ್‌ಬುಕ್ ಹಿಡಿದು ಕೂತ್ಕೊಳ್ಳಿ. ಗಿರಾಕಿ ಕೇಳಿದ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಅಪ್ಪ ಕೊಟ್ಟ ಉತ್ತರವನ್ನೂ ಬರೆದುಕೊಳ್ಳಿ. ಒಂದೊಂದು ಪ್ರಶ್ನೆಗೆ ಒಂದೊಂದು ಪುಟ ಮಾಡಿ, ಪ್ರಶ್ನೆಯೇ ಆ ಪುಟದ ತಲೆಬರಹವಾಗಲಿ. ಡಬ್ಬಿ ಗಿಡ್ಡ, ದಪ್ಪ, ಬೀಜ ಜಾಸ್ತಿ. ಕಡ್ಡಿ ಉದ್ದ, ಸಣ್ಣ, ಬೀಜ ಕಡಿಮೆ. ಇದು ನಿಮಗೆ ಹುಟ್ಟಿದಾಗಿಂದ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ಎರಡನ್ನೂ ಒಂದು ಬಿಳಿ ತಟ್ಟೆಯಲ್ಲಿ ಪಕ್ಕಪಕ್ಕ ಇಟ್ಟು, ಒಂದೊಂದನ್ನು ಸೀಳಿ ಬೀಜ ಕಾಣುವ ಹಾಗೆ ಫೋಟೋ ತೆಗೆಯಿರಿ. ಸಿಪ್ಪೆಯ ಮೇಲಿನ ಸುಕ್ಕು ಕಾಣಬೇಕು. ಅಂಥ ಒಂದು ಫೋಟೋ ನಿಮ್ಮ ಸೈಟಿನಲ್ಲಿ ಈಗ ಇಲ್ಲ. ನಾನು ನೋಡಿದೆ, ಇರುವುದೆಲ್ಲ ಎಲ್ಲಿಂದಲೋ ತಂದು ಹಾಕಿದ ಫೋಟೋಗಳು, ಎರಡರಲ್ಲಂತೂ ಇರುವುದು ಬ್ಯಾಡಗಿ ಮೆಣಸಿನಕಾಯಿಯೇ ಅಲ್ಲ. ಇದನ್ನು ಇವತ್ತೇ ತೆಗೆದುಹಾಕಿ, ದಯವಿಟ್ಟು.

ಇನ್ನೊಂದು, ಹೆಸರಿನ ವಿಷಯ. ನಾವು ಬ್ಯಾಡಗಿ ಅನ್ನುತ್ತೇವೆ. ಕೊಂಕಣಿ, ಮರಾಠಿ ಮಾತಾಡುವವರು ಬೇಡಗಿ ಅನ್ನುತ್ತಾರೆ, ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ಪುಟದಲ್ಲಿ ಒಂದು ಕಡೆ ‘ಇದನ್ನು ಹೀಗೂ ಕರೆಯುತ್ತಾರೆ’ ಅಂತ ಎಲ್ಲ ಹೆಸರನ್ನೂ ಸಹಜವಾಗಿ ಬರೆಯಿರಿ. ಹಾಗಂತ ಒಂದೇ ಹೆಸರನ್ನು ಐವತ್ತು ಸಲ ತುರುಕಬೇಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಒಂದು ಪ್ರದೇಶದ ವಿಶೇಷ ಮಾಲು ಅನ್ನುವ ಅಧಿಕೃತ ಗುರುತು ಸಿಕ್ಕಿದೆ. ಜಿಐ ಅಂದರೇನು, ಆ ಹೆಸರಿನಲ್ಲಿ ಬೇರೆ ಮಾಲು ಮಾರಿದರೆ ಕೊಳ್ಳುವವರಿಗೆ ಹೇಗೆ ಮೋಸವಾಗುತ್ತದೆ ಅಂತ ಒಂದು ಪುಟ ಬರೆಯಲು ನಿಮಗಿಂತ ಅರ್ಹರು ಯಾರಿದ್ದಾರೆ?

ಇದರ ಜೊತೆಗೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ಸೈಟ್ ಸೇರಿಸಿ. ಅದಕ್ಕೆ ದುಡ್ಡಿಲ್ಲ. ಜನ ಯಾವ ಪದ ಹೊಡೆದಾಗ ನಿಮ್ಮ ಸೈಟ್ ಕಾಣಿಸಿತು, ಎಷ್ಟು ಜನ ಒತ್ತಿ ಒಳಗೆ ಬಂದರು, ಸರಾಸರಿ ಎಷ್ಟನೇ ಸ್ಥಾನದಲ್ಲಿದ್ದೀರಿ, ಎಲ್ಲ ಅದರಲ್ಲಿ ಸಿಗುತ್ತದೆ. 16 ತಿಂಗಳ ಲೆಕ್ಕ ಇಡುತ್ತದೆ. ಅದರಲ್ಲಿ ನೀವು ಎಂಟರಿಂದ ಇಪ್ಪತ್ತನೇ ಸ್ಥಾನದ ನಡುವೆ ಇರುವ ಪದಗಳನ್ನು ಹುಡುಕಿ, ಆ ಪುಟಗಳನ್ನು ಮೊದಲು ಚೆನ್ನಾಗಿ ತಿದ್ದಿ. ಹೊಸದು ಬರೆಯುವುದಕ್ಕಿಂತ ಇದರಿಂದ ಬೇಗ ಫಲ ಸಿಗುತ್ತದೆ. ಬೆಲೆ, ಕೊರಿಯರ್ ಖರ್ಚು ಎರಡನ್ನೂ ಮುಚ್ಚುಮರೆ ಇಲ್ಲದೆ ಹಾಕಿ, ‘ಈ ಬೆಲೆ ಇಂಥ ತಾರೀಖಿನದು’ ಅಂತ ಪಕ್ಕದಲ್ಲಿ ಬರೆಯಿರಿ. ಎಫ್‌ಎಸ್‌ಎಸ್‌ಎಐನ (ಆಹಾರ ಮಾರುವವರಿಗೆ ಪರವಾನಗಿ ಕೊಡುವ ಕೇಂದ್ರ ಸಂಸ್ಥೆ) 14 ಅಂಕಿಯ ನಂಬರ್ ಸೈಟಿನಲ್ಲೂ ಪ್ಯಾಕೆಟ್ ಮೇಲೂ ಕಾಣಬೇಕು. ಮುಂಬೈ ಅಂದರೆ ಬೇರೆ ರಾಜ್ಯ, ಅಲ್ಲಿಗೆ ಕಳಿಸುವ ಮೊದಲು ಜಿಎಸ್‌ಟಿ ಬಗ್ಗೆ ನಿಮ್ಮ ಲೆಕ್ಕಪತ್ರ ನೋಡುವವರನ್ನು ಕೇಳಿ.

ಆ ಹದಿನೈದು ಸಾವಿರದಲ್ಲಿ ಒಂದು ಒಳ್ಳೆ ತೂಕದ ಮಷಿನ್, ಗಟ್ಟಿ ಪ್ಯಾಕಿಂಗ್ ಕವರ್ ತಗೊಳ್ಳಿ.

ಪ್ರಶ್ನೆ: ನಾನು ಧಾರವಾಡದ ನಿವೃತ್ತ ಶಿಕ್ಷಕ. ಧಾರವಾಡದ ಹಳೆಯ ಓಣಿಗಳು, ಮನೆತನಗಳು, ಗಾದೆಗಳ ಬಗ್ಗೆ 140 ಲೇಖನ ಬರೆದು ವೆಬ್‌ಸೈಟಿಗೆ ಹಾಕಿದ್ದೇನೆ. ಎಲ್ಲ ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಒಂದು ಸಾಲನ್ನೂ ಗೂಗಲ್ ಹುಡುಕಿ ಕೊಡುವುದಿಲ್ಲ. ನನ್ನ ಮೊಮ್ಮಗಳ ಮೊಬೈಲಿನಲ್ಲಿ ತೆಗೆದರೆ ಅಕ್ಷರವೇ ಬರುವುದಿಲ್ಲ. ಇಷ್ಟು ವರ್ಷದ ಕೆಲಸ ಹೋಯಿತೇ?

ಹೋಗಿಲ್ಲ ಸರ್, ಚಿಂತೆ ಮಾಡಬೇಡಿ. ನಿಮ್ಮ ಪತ್ರ ಓದಿ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು, ಯಾಕೆಂದರೆ ನಿಮ್ಮ ಹಾಗೆ ಎಷ್ಟೋ ಜನ ಹಿರಿಯರ ಬರಹ ಇದೇ ಕಾರಣಕ್ಕೆ ಕಣ್ಣಿಗೆ ಬೀಳದೆ ಕೂತಿದೆ.

ಆಗಿರುವುದು ಇಷ್ಟು. ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದರೆ ಪರದೆಯ ಮೇಲೆ ಕಾಣುವುದು ಕನ್ನಡ, ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಆ ಫಾಂಟ್ ಇರುವ ಕಂಪ್ಯೂಟರಿಗೆ ಮಾತ್ರ ಅದು ಕನ್ನಡ. ಗೂಗಲ್‌ಗೆ ಅದು ಅರ್ಥವಿಲ್ಲದ ಗೀಚು. ಯೂನಿಕೋಡ್‌ನಲ್ಲಿ ಹಾಗಲ್ಲ, ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ಎಲ್ಲಿ ತೆಗೆದರೂ ಕನ್ನಡವೇ ಬರುತ್ತದೆ. ಪರೀಕ್ಷೆ ಸುಲಭ. ನಿಮ್ಮ ಸೈಟಿನ ಒಂದು ಸಾಲನ್ನು ಕಾಪಿ ಮಾಡಿ ಮೊಮ್ಮಗಳಿಗೆ ವಾಟ್ಸ್ಯಾಪ್‌ನಲ್ಲಿ ಕಳಿಸಿ. ಕನ್ನಡ ಬಂದರೆ ಯೂನಿಕೋಡ್, ಗೀಚು ಬಂದರೆ ಹಳೆಯ ಫಾಂಟ್.

ಹಳೆಯ ನುಡಿ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಮೊಮ್ಮಗಳನ್ನು ಕೂರಿಸಿಕೊಂಡು ದಿನಕ್ಕೆ ಐದು ಲೇಖನ ಮಾಡಿದರೂ ಒಂದು ತಿಂಗಳೊಳಗೆ ಮುಗಿಯುತ್ತದೆ. ಬದಲಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ, ಅದರಲ್ಲೂ ಅರ್ಕಾವತ್ತು ಮತ್ತು ಎರಡೆರಡು ಒತ್ತು ಇರುವ ಪದಗಳನ್ನು ನೋಡಿ. ತಪ್ಪು ಆಗುವುದು ಅಲ್ಲೇ ಜಾಸ್ತಿ. ಇನ್ನು ಮುಂದೆ ಟೈಪ್ ಮಾಡುವಾಗ ನಿಮಗೆ ರೂಢಿಯಾದ ಕೀಲಿಗಳನ್ನೇ ಇಟ್ಟುಕೊಳ್ಳಬಹುದು, ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಆರಿಸಿಕೊಳ್ಳಲು ಬರುತ್ತದೆ. ಕೆಲವು ಲೇಖನಗಳನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿದ್ದೀರಿ. ಅವನ್ನು ಪಠ್ಯ ಮಾಡಲೇಬೇಕು. ಗೂಗಲ್ ಡ್ರೈವ್‌ಗೆ ಚಿತ್ರ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅದು ಕನ್ನಡ ಅಕ್ಷರಗಳನ್ನು ಗುರುತಿಸಿ ಕೊಡುತ್ತದೆ, ತಪ್ಪು ತಿದ್ದಿಕೊಳ್ಳಬೇಕು ಅಷ್ಟೇ.

ತಲೆಬರಹದ ಬಗ್ಗೆ ಒಂದು ಮಾತು ಹೇಳಲಾ? ‘ನೆನಪಿನ ಅಂಗಳ, ಭಾಗ 37’ ಅಂತ ಇದ್ದರೆ ಒಳಗೆ ಏನಿದೆ ಅಂತ ಯಾರಿಗೂ ತಿಳಿಯುವುದಿಲ್ಲ. ‘ಧಾರವಾಡದ ಲೈನ್ ಬಜಾರಿಗೆ ಆ ಹೆಸರು ಹೇಗೆ ಬಂತು’ ಅಂತ ಇಟ್ಟರೆ ಅದನ್ನೇ ಹುಡುಕುವವರ ಕೈಗೆ ಸಿಗುತ್ತದೆ. ಭಾಗದ ಸಂಖ್ಯೆ ಕೆಳಗೆ ಸಣ್ಣದಾಗಿ ಇರಲಿ. ಪುಟದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡಿ. ಕನ್ನಡದಲ್ಲಿಟ್ಟರೂ ನಡೆಯುತ್ತದೆ, ಆದರೆ ಬೇರೆಯವರಿಗೆ ಕಳಿಸುವಾಗ ಅದು ಶೇಕಡಾ ಚಿಹ್ನೆಗಳ ಉದ್ದ ಸರಮಾಲೆ ಆಗಿಬಿಡುತ್ತದೆ. ನೋಡಿದವರು ಏನೋ ಮೋಸದ ಲಿಂಕ್ ಅಂದುಕೊಂಡು ಒತ್ತುವುದಿಲ್ಲ.

ಪ್ರಶ್ನೆ: ದಿನಾ ಒಂದು ಪೋಸ್ಟ್ ಬರೆದರೆ ಮಾತ್ರ ಬ್ಲಾಗ್ ಬೆಳೆಯುತ್ತದಂತೆ, ಹೌದಾ? (ರಾಣೆಬೆನ್ನೂರು)

ಇಲ್ಲ. ತಿಂಗಳಿಗೆ ಎರಡು ಬರೆಯಿರಿ, ಉಳಿದ ಸಮಯದಲ್ಲಿ ಹಳೆಯದನ್ನು ತಿದ್ದಿ.

ಪ್ರಶ್ನೆ: ಅಕ್ಕಾ, ನಾನು ಹುಬ್ಬಳ್ಳಿ ಗೃಹಿಣಿ. ನಮ್ಮ ಕಡೆ ಅಡುಗೆ ಬಗ್ಗೆ ಬ್ಲಾಗ್ ಬರೆಯುತ್ತೇನೆ. ಗಿರ್ಮಿಟ್, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ ಎಲ್ಲ ಇದೆ. ಹೊಸದು ಬರೆದಾಗ ಇಪ್ಪತ್ತೆರಡು ವಾಟ್ಸ್ಯಾಪ್ ಗ್ರೂಪಿಗೆ ಹಾಕುತ್ತೇನೆ. ಮೊದಲು ಚೆನ್ನಾಗಿದೆ ಅನ್ನುತ್ತಿದ್ದರು, ಈಗ ಇಬ್ಬರು ಅಡ್ಮಿನ್ ನನ್ನನ್ನು ತೆಗೆದೇ ಹಾಕಿದರು. ಬಹಳ ಬೇಜಾರಾಯ್ತು. ಬೇರೆ ದಾರಿ ಏನು?

ಬೇಜಾರು ಮಾಡ್ಕೋಬೇಡಿ ಅಕ್ಕಾ. ಅವರ ಕಡೆಯಿಂದ ನೋಡಿದರೆ, ಹೌಸಿಂಗ್ ಕಾಲನಿ ನೀರಿನ ಗ್ರೂಪಿನಲ್ಲಿ ದಿನಾ ಲಿಂಕ್ ಬಂದರೆ ಕಿರಿಕಿರಿ ಆಗೇ ಆಗುತ್ತದೆ. ಗ್ರೂಪುಗಳನ್ನು ಬಿಡಿ. ‘ಹೊಸ ಅಡುಗೆ ಬರೆದಾಗ ನನಗೆ ಕಳಿಸಿ’ ಅಂತ ತಾವಾಗಿ ಹೇಳಿದವರ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ. ಒಂದು ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಮೆಸೇಜ್ ಹೋಗುತ್ತದೆ, ಇದನ್ನು ಅವರಿಗೆ ಮೊದಲೇ ಹೇಳಿ. ಅದಕ್ಕಿಂತ ಜಾಸ್ತಿ ಜನ ಆದರೆ ವಾಟ್ಸ್ಯಾಪ್ ಚಾನೆಲ್ ಮಾಡಿ. ಅದರಲ್ಲಿ ನಿಮ್ಮ ನಂಬರೂ ಬೇರೆಯವರಿಗೆ ಕಾಣುವುದಿಲ್ಲ, ಹೆಣ್ಣುಮಕ್ಕಳಿಗೆ ಇದು ಮುಖ್ಯ. ಬರೀ ಲಿಂಕ್ ಹಾಕಬೇಡಿ. ‘ಹೋಳಿಗೆ ಹರಿಯುತ್ತಾ? ಹೂರಣ ಬಿಸಿ ಇರುವಾಗ ತುಂಬಬೇಡಿ’ ಅಂತ ಒಂದು ಉಪಯೋಗದ ಮಾತು ಬರೆದು ಆಮೇಲೆ ಲಿಂಕ್ ಕೊಡಿ. ಲಿಂಕ್ ಒತ್ತದವರಿಗೂ ಏನೋ ಸಿಕ್ಕ ಹಾಗಾಗುತ್ತದೆ.

ನಿಮ್ಮ ಬ್ಲಾಗನ್ನು ಒಂದು ಸಂಜೆ ಪೂರ್ತಿ ಓದಿದೆ. ಬರವಣಿಗೆ ಎಷ್ಟು ಚೆನ್ನಾಗಿದೆ! ಆದರೆ ಅದು ಹುಬ್ಬಳ್ಳಿಯವರಿಗೆ ಮಾತ್ರ ಸಿಗುವ ಹಾಗಿದೆ. ನಾವು ಚುರುಮುರಿ ಅನ್ನುವುದನ್ನು ದಾವಣಗೆರೆಯವರು ಮಂಡಕ್ಕಿ ಅನ್ನುತ್ತಾರೆ, ಬೆಂಗಳೂರಿನವರು ಪುರಿ ಅನ್ನುತ್ತಾರೆ. ನಮ್ಮ ಗುರೆಳ್ಳು ಅವರಿಗೆ ಹುಚ್ಚೆಳ್ಳು. ಶೇಂಗಾ ಅಲ್ಲಿ ಕಡಲೆಕಾಯಿ, ಪುಟಾಣಿ ಅಲ್ಲಿ ಹುರಿಗಡಲೆ. ಮೈಸೂರಿನ ಒಬ್ಬರು ‘ಹುಚ್ಚೆಳ್ಳು ಚಟ್ನಿಪುಡಿ’ ಅಂತ ಹುಡುಕಿದರೆ ನಿಮ್ಮ ಪುಟ ಅವರಿಗೆ ಕಾಣುವುದಾದರೂ ಹೇಗೆ? ನಮ್ಮ ಪದವನ್ನು ಬಿಡಬೇಡಿ, ಅದೇ ನಿಮ್ಮ ಬ್ಲಾಗಿನ ರುಚಿ. ಸಾಮಗ್ರಿ ಬರೆಯುವಾಗ ‘ಗುರೆಳ್ಳು, ಮೈಸೂರು ಕಡೆ ಹುಚ್ಚೆಳ್ಳು ಅಂತಾರೆ’ ಅಂತ ಒಂದು ಸಲ ಬರೆದರೆ ಸಾಕು. ಊರಿನ ಹೆಸರಿಗೂ ಇದೇ ಮಾತು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಹುಬ್ಬಳ್ಳಿ ಅಂತಲೇ ಬರೆಯಬೇಕು ಅಂತಾಯಿತು, ಆದರೆ ಹೊರಗಿನವರು ಇವತ್ತಿಗೂ ಹುಬ್ಳಿ ಅಂತ ಹಳೆಯ ಸ್ಪೆಲ್ಲಿಂಗಿನಲ್ಲೇ ಹುಡುಕುತ್ತಾರೆ. ಎಷ್ಟೋ ಕನ್ನಡಿಗರು ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ. ಹಾಗಾಗಿ ಅಡುಗೆಯ ಹೆಸರನ್ನು ಎರಡೂ ಲಿಪಿಯಲ್ಲಿ ಒಮ್ಮೆ ಬರೆಯಿರಿ.

ಫೋಟೋ ಮೊಬೈಲಿನಿಂದ ತೆಗೆದದ್ದನ್ನು ಹಾಗೇ ಹಾಕುತ್ತಿದ್ದೀರಿ. ಒಂದೊಂದು ನಾಲ್ಕೈದು ಎಂಬಿ ಇದೆ, ಪೋಸ್ಟಿಗೆ ಎಂಟು ಫೋಟೋ. ನವಲಗುಂದದ ಹೊಲದಲ್ಲಿ ಕೂತು ನೋಡುವವರಿಗೆ ಅದು ಬಿಚ್ಚಿಕೊಳ್ಳುವಷ್ಟರಲ್ಲಿ ಬೇಸರ ಬಂದಿರುತ್ತದೆ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ (ಫೋಟೋ ಹಗುರವಾಗಿ ಇಡುವ ಫೈಲ್ ಬಗೆ) ಮಾಡಿ ಹಾಕಿ, ಒಂದು ಫೋಟೋ 150 ಕೆಬಿ ಒಳಗೆ ಬರುತ್ತದೆ. ಸ್ಕ್ವೂಶ್ ಅನ್ನುವ ಉಚಿತ ಸಾಧನದಲ್ಲಿ ಇದನ್ನು ಬ್ರೌಸರಿನಲ್ಲೇ ಮಾಡಬಹುದು.

ಕೊನೆಗೆ, ಹಬ್ಬದ ಅಡುಗೆಯನ್ನು ಹಬ್ಬದ ದಿನ ಹಾಕಬೇಡಿ. ನಾಗರ ಪಂಚಮಿಯ ಉಂಡಿಗಳ ಪೋಸ್ಟ್ ನೀವು ಪಂಚಮಿ ಸಂಜೆ ಹಾಕಿದ್ದೀರಿ. ಅಷ್ಟೊತ್ತಿಗೆ ಎಲ್ಲರ ಮನೆಯಲ್ಲಿ ಉಂಡಿ ಕಟ್ಟಿ, ತಿಂದು, ಜೋಕಾಲಿ ಆಡಿ ಆಗಿರುತ್ತದೆ. ಹೊಸ ಪುಟ ಗೂಗಲ್‌ಗೆ ಸಿಕ್ಕು ಮೇಲೆ ಬರಲು ಕೆಲವು ವಾರ ಬೇಕು. ಐದಾರು ವಾರ ಮೊದಲೇ ಹಾಕಿ. ಮುಂದಿನ ವರ್ಷ ಅದೇ ಪುಟವನ್ನು ತಿದ್ದಿ ಮತ್ತೆ ಹಂಚಿಕೊಳ್ಳಿ, ಹೊಸ ಪುಟ ಮಾಡಬೇಡಿ.

ಪ್ರಶ್ನೆ: ನಾನು ಗದಗದ ಡಿಗ್ರಿ ವಿದ್ಯಾರ್ಥಿ. ಪ್ರವಾಸದ ಬ್ಲಾಗ್ ಇದೆ, 12 ಪೋಸ್ಟ್ ಆಗಿವೆ. ಆ್ಯಡ್‌ಸೆನ್ಸ್ ಅಂದರೆ ಬ್ಲಾಗಿನಲ್ಲಿ ತೋರಿಸಿ ದುಡ್ಡು ಗಳಿಸುವ ಗೂಗಲ್ ಜಾಹೀರಾತಿಗೆ ಅರ್ಜಿ ಹಾಕಿದ್ದೆ, ತಿರಸ್ಕಾರ ಆಯಿತು. ಎಐನಿಂದ ಇನ್ನೂರು ಪೋಸ್ಟ್ ಬರೆಸಿ ಒಟ್ಟಿಗೆ ಹಾಕಿದರೆ ಸಿಗುತ್ತದೆ ಅಂತ ಗೆಳೆಯ ಹೇಳುತ್ತಾನೆ.

ಗೆಳೆಯನ ಮಾತು ಕೇಳಬೇಡಿ. ಹುಡುಕಾಟದಲ್ಲಿ ಮೇಲೆ ಬರಲಿ ಅಂತಲೇ ರಾಶಿ ರಾಶಿ ಪುಟ ಹಾಕುವುದನ್ನು ಗೂಗಲ್ ಮಾರ್ಚ್ 2024ರಲ್ಲಿ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ನೇರವಾಗಿ ಸೇರಿಸಿತು. ಬರೆದದ್ದು ಮನುಷ್ಯನೋ ಯಂತ್ರವೋ ಅನ್ನುವುದು ಅಲ್ಲಿ ಮುಖ್ಯವಲ್ಲ, ಓದುವವರಿಗೆ ಉಪಯೋಗ ಇದೆಯಾ ಅನ್ನುವುದು ಮುಖ್ಯ. ದುಡ್ಡಿನ ಬಗ್ಗೆಯೂ ಸ್ಪಷ್ಟವಾಗಿ ಹೇಳುತ್ತೇನೆ. ಆ್ಯಡ್‌ಸೆನ್ಸ್ ಸಿಕ್ಕರೂ ಖಾತೆಯಲ್ಲಿ 100 ಡಾಲರ್ ಆಗುವವರೆಗೆ ಕೈಗೆ ಬರುವುದಿಲ್ಲ. ಸಣ್ಣ ಬ್ಲಾಗಿಗೆ ಅದು ದೂರದ ದಾರಿ.

ನಿಮ್ಮ 12 ಪೋಸ್ಟ್‌ಗಳಲ್ಲಿ ಒಂಬತ್ತು ಊಟಿ, ಗೋವಾ, ಮನಾಲಿ ಬಗ್ಗೆ ಇವೆ. ಮನಾಲಿಗೆ ನೀವು ಹೋಗಿಯೇ ಇಲ್ಲ ಅಂತ ನೀವೇ ಬರೆದಿದ್ದೀರಿ. ಗದಗದಿಂದ ಹನ್ನೆರಡು ಕಿಲೋಮೀಟರ್ ಆಸುಪಾಸಿನಲ್ಲಿ ಲಕ್ಕುಂಡಿ ಇದೆ. ಕಾಶಿ ವಿಶ್ವೇಶ್ವರ ಗುಡಿ ಇದೆ, ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇದೆ, ಮುಸುಕಿನ ಬಾವಿ ಇದೆ. ದೂರದಿಂದ ಬರುವವರಿಗೆ ಏನು ಗೊತ್ತಿಲ್ಲ? ಗದಗ ಸ್ಟ್ಯಾಂಡಿನಿಂದ ಬಸ್ಸು ಎಷ್ಟು ಹೊತ್ತಿಗೊಂದು, ಎಲ್ಲಿ ಇಳಿಯಬೇಕು, ಮೊದಲು ಯಾವ ಗುಡಿ ನೋಡಿದರೆ ನಡಿಗೆ ಕಡಿಮೆ, ಬಾವಿಗೆ ಬೆಳಕು ಚೆನ್ನಾಗಿ ಬೀಳುವುದು ಯಾವಾಗ, ವಯಸ್ಸಾದವರನ್ನು ಕರೆತಂದರೆ ಮೆಟ್ಟಿಲು ಎಷ್ಟು, ಊಟ ಎಲ್ಲಿ. ಒಂದು ಭಾನುವಾರ ನೋಟ್‌ಬುಕ್ ಹಿಡಿದು ಹೋಗಿ ಬನ್ನಿ. ಚಳಿಗಾಲದಲ್ಲಿ ನಿಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಈ ವರ್ಷ ಯಾವ ವಾರ ಬಂದವು, ಬೆಳಿಗ್ಗೆ ಎಷ್ಟು ಗಂಟೆಗೆ ನೋಡಬೇಕು ಅಂತ ಗದಗದ ಹುಡುಗ ಬರೆದರೆ ಬೆಂಗಳೂರಿನ ಫೋಟೋಗ್ರಾಫರ್‌ಗಳು ಓದುತ್ತಾರೆ. ಹೋಟೆಲ್‌ನವರು ಪುಕ್ಕಟೆ ಊಟ ಕೊಟ್ಟು ಬರೆಯಲು ಹೇಳಿದರೆ ಅದನ್ನು ಪೋಸ್ಟಿನ ಮೊದಲಲ್ಲೇ ತಿಳಿಸಿ. ನಮ್ಮ ದೇಶದಲ್ಲಿ ಅದು ನಿಯಮವೇ ಆಗಿದೆ.

ಪ್ರಶ್ನೆ: ಹಾವೇರಿಯಲ್ಲಿ ನಮ್ಮದು ಸೀರೆ ಅಂಗಡಿ. ಫೇಸ್‌ಬುಕ್‌ನಲ್ಲಿ ಪೋಸ್ಟ್ ಬೂಸ್ಟ್ ಮಾಡಲು ಎರಡು ಸಾವಿರ ಹಾಕಿದೆ. ಲೈಕ್ ಬಹಳ ಬಂದವು, ಅಂಗಡಿಗೆ ಒಬ್ಬರೂ ಬರಲಿಲ್ಲ.

ಲೈಕ್ ಎಲ್ಲಿಂದ ಬಂದವು ಅಂತ ತೆಗೆದು ನೋಡಿ. ಇಡೀ ಕರ್ನಾಟಕ ಅಂತ ಆರಿಸಿದ್ದರೆ ಬೀದರ್‌ನವರೂ ಲೈಕ್ ಒತ್ತಿರುತ್ತಾರೆ, ಅವರು ಸೀರೆಗೆ ಹಾವೇರಿಗೆ ಬರುವುದಿಲ್ಲ. ಮುಂದಿನ ಸಲ ಹಾವೇರಿ ಸುತ್ತ ಮೂವತ್ತು ಕಿಲೋಮೀಟರ್ ಮಾತ್ರ ಇಡಿ. ಜಾಹೀರಾತಿನ ಉದ್ದೇಶ ಕೇಳಿದಾಗ ಲೈಕ್ ಬದಲು ವಾಟ್ಸ್ಯಾಪ್ ಮೆಸೇಜ್ ಆರಿಸಿ. ಐದು ಸೀರೆ, ಐದು ಬೆಲೆ, ಅಂಗಡಿಯ ಗುರುತು, ಇಷ್ಟು ಸಾಕು. ದಿನಕ್ಕೆ ನೂರರಂತೆ ಏಳು ದಿನ ನೋಡಿ. ಅದಕ್ಕಿಂತ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ, ದುಡ್ಡು ಬೇಡ. ಬಾಗಿಲು ತೆರೆಯುವ ಹೊತ್ತು, ಫೋನ್, ಅಂಗಡಿಯ ಮುಂದಿನ ಫೋಟೋ ಹಾಕಿ. ಮದುವೆ ಸೀಸನ್ನಿನಲ್ಲಿ ‘ಹತ್ತಿರದ ಸೀರೆ ಅಂಗಡಿ’ ಅಂತ ಮೊಬೈಲಿನಲ್ಲಿ ಹುಡುಕುವವರು ನಿಜವಾಗಿ ಕೊಳ್ಳುವವರು.

ಪ್ರಶ್ನೆ: ನಮ್ಮ ಟ್ಯೂಷನ್ ಕ್ಲಾಸಿನ ವೆಬ್‌ಸೈಟ್ ಮಾಡಿಕೊಟ್ಟವರು ಎರಡು ತಿಂಗಳಿಂದ ಫೋನ್ ಎತ್ತುತ್ತಿಲ್ಲ. ಸೈಟ್ ತೆರೆದರೆ ‘ಅವಧಿ ಮುಗಿದಿದೆ’ ಅಂತ ಬರುತ್ತಿದೆ. (ಹುಬ್ಬಳ್ಳಿ, ವಿದ್ಯಾನಗರ)

ಇದು ನನಗೇ ಆದದ್ದು, ಅದಕ್ಕೇ ಕಾಳಜಿಯಿಂದ ಹೇಳುತ್ತೇನೆ. ನನ್ನ ಮೊದಲ ಬ್ಲಾಗಿನ ವಿಳಾಸವನ್ನು ಪರಿಚಯದವರೊಬ್ಬರು ಅವರ ಹೆಸರಲ್ಲಿ, ಅವರ ಇಮೇಲ್‌ನಲ್ಲಿ ತೆಗೆದುಕೊಟ್ಟಿದ್ದರು. ನಾನು ಅದನ್ನು ಕೇಳಲೇ ಇಲ್ಲ. ಅವರು ಊರು ಬಿಟ್ಟರು, ನವೀಕರಣದ ಮೆಸೇಜ್ ಅವರಿಗೆ ಹೋಯಿತು, ಯಾರೂ ದುಡ್ಡು ಕಟ್ಟಲಿಲ್ಲ. ಮೂರು ವರ್ಷದ ಓದುಗರು ಒಂದು ದಿನ ಬಂದು ನೋಡಿದರೆ ಬೇರೆ ಯಾರದ್ದೋ ಜಾಹೀರಾತಿನ ಪುಟ. ಬರಹಗಳು ನನ್ನ ಕಂಪ್ಯೂಟರಿನಲ್ಲಿದ್ದವು, ಓದುಗರನ್ನು ಮಾತ್ರ ಮತ್ತೆ ಒಬ್ಬೊಬ್ಬರನ್ನಾಗಿ ಹುಡುಕಿಕೊಳ್ಳಬೇಕಾಯಿತು.

ನೀವು ಇವತ್ತೇ ಹೂಈಸ್ (WHOIS, ವೆಬ್ ವಿಳಾಸಗಳ ನೋಂದಣಿ ವಿವರ ತೋರಿಸುವ ತಾಣ) ಅಂತ ಹುಡುಕಿ, ಆ ತಾಣದಲ್ಲಿ ನಿಮ್ಮ ಸೈಟಿನ ವಿಳಾಸ ಹೊಡೆದು ನೋಡಿ. ಯಾವ ಕಂಪನಿಯಲ್ಲಿ ನೋಂದಣಿ ಆಗಿದೆ, ಯಾವ ತಾರೀಖಿಗೆ ಮುಗಿದಿದೆ ಅಂತ ಸಿಗುತ್ತದೆ. ಅವಧಿ ಮುಗಿದ ಮೇಲೂ ಸಾಮಾನ್ಯವಾಗಿ ಕೆಲವು ವಾರ ಮರಳಿ ಪಡೆಯಲು ಅವಕಾಶ ಇರುತ್ತದೆ, ತಡವಾದಷ್ಟೂ ಖರ್ಚು ಜಾಸ್ತಿ, ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಆ ಕಂಪನಿಗೆ ಫೋನ್ ಮಾಡಿ. ನೀವು ದುಡ್ಡು ಕೊಟ್ಟ ರಸೀದಿ, ಕ್ಲಾಸಿನ ನೋಂದಣಿ ಪತ್ರ ಕೈಯಲ್ಲಿಟ್ಟುಕೊಳ್ಳಿ. ಮಾಡಿಕೊಟ್ಟವರ ಮನೆಗೆ ಒಮ್ಮೆ ನೇರವಾಗಿ ಹೋಗಿ, ಜಗಳ ಬೇಡ, ವಿಳಾಸ ವರ್ಗಾಯಿಸುವ ಕೋಡ್ ಕೊಡಿ ಅಂತ ಮಾತ್ರ ಕೇಳಿ. ಸಿಕ್ಕ ಕೂಡಲೇ ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರಿಗೆ ಬದಲಿಸಿಕೊಳ್ಳಿ, ಐದು ವರ್ಷಕ್ಕೆ ಒಟ್ಟಿಗೆ ನವೀಕರಿಸಿ. ಅಲ್ಲಿಯವರೆಗೆ ಪಾಲಕರಿಗೆ ವಾಟ್ಸ್ಯಾಪ್‌ನಲ್ಲಿ ಒಂದು ಮೆಸೇಜ್ ಹಾಕಿ, ಕ್ಲಾಸು ನಡೆಯುತ್ತಿದೆ, ಸೈಟು ಮಾತ್ರ ನಿಂತಿದೆ ಅಂತ.